ಹಳೇ ಚರ್ಚ್ ಗೋಡೆಗೆ ಸಿಮೆಂಟ್ ಬಂದ ಕತೆ

ತುಮಕೂರಿನ ನಮ್ಮ ಚರ್ಚಿನಲ್ಲಿ ಬಲಗಡೆ ಮೂರನೇ ಕಿಟಕಿಯ ಕೆಳಗೆ ಯಾರೂ ಕೂರುವುದಿಲ್ಲ. ಒರಗಿದರೆ ಸೆರಗಿಗೆ ಬಿಳಿ ಪುಡಿ ಮೆತ್ತಿಕೊಳ್ಳುತ್ತದೆ. ಎಷ್ಟು ಸಲ ಬಣ್ಣ ಹೊಡೆಸಿದರೂ ಮಳೆಗಾಲ ಮುಗಿಯುವಷ್ಟರಲ್ಲಿ ಹಪ್ಪಳದ ಹಾಗೆ ಎದ್ದುಬಿಡುತ್ತದೆ. ಈಗ ಚರ್ಚನ್ನು ದೊಡ್ಡದು ಮಾಡುವ ಮಾತು ಬಂದಿದೆ. ಮಾಡಲೇಬೇಕು, ಕ್ರಿಸ್ಮಸ್ ದಿನ ಅರ್ಧ ಜನ ಹೊರಗೆ ಶಾಮಿಯಾನದ ಕೆಳಗೆ ಕೂರುತ್ತಾರೆ. ಆದರೆ ಆ ಗೋಡೆ ಯಾಕೆ ಹೀಗಾಯಿತು ಅಂತ ತಿಳಿಯದೆ ಅದರ ಪಕ್ಕದಲ್ಲಿ ಪಾಯ ತೋಡಬಾರದು.

ನಮ್ಮ ಕಡೆ ವೆಸ್ಲಿಯನ್ ಮಿಷನ್‌ನವರು, ಅಂದರೆ ಇಂಗ್ಲೆಂಡಿನ ಮೆಥಡಿಸ್ಟ್ ಪ್ರೊಟೆಸ್ಟೆಂಟರು, 1830ರ ದಶಕದ ಕೊನೆಗೆ ಗುಬ್ಬಿಗೆ ಬಂದರು, ಆಮೇಲೆ ತುಮಕೂರಿಗೆ. ಆಗ ಚರ್ಚಿಗೆ ಬರುವವರು ಕಡಿಮೆ. ಒಂದು ಉದ್ದನೆಯ ಹಾಲ್ ಸಾಕಾಗುತ್ತಿತ್ತು: ಕಲ್ಲು, ಇಟ್ಟಿಗೆ, ಸುಣ್ಣದ ಗಾರೆ, ಮೇಲೆ ಮಂಗಳೂರು ಹೆಂಚು. ಎತ್ತು ಕಟ್ಟಿದ ಗಾಣದಲ್ಲಿ ಗಾರೆ ಅರೆಯುವುದು, ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುವುದು ಆ ಕಾಲದ ಪದ್ಧತಿ. ಈ ಗೋಡೆಗಳಲ್ಲಿ ಕಬ್ಬಿಣ ಇಲ್ಲ, ಪಿಲ್ಲರ್ ಇಲ್ಲ. ದಪ್ಪವೇ ಅವುಗಳ ಶಕ್ತಿ. ನೆಲದಿಂದ ಏರಿದ ತೇವ ಸುಣ್ಣದ ಮೈಯಿಂದಲೇ ಹೊರಗೆ ಆರಿಹೋಗುತ್ತದೆ.

ಸಿಮೆಂಟ್ ಬಹಳ ಕಾಲ ಸರ್ಕಾರದ ಕಂಟ್ರೋಲಿನಲ್ಲಿತ್ತು, ಬೇಕೆಂದಾಗ ಸಿಗುತ್ತಿರಲಿಲ್ಲ. 1982ರಲ್ಲಿ ಕಂಟ್ರೋಲ್ ಸ್ವಲ್ಪ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಆಮೇಲೆ ರಿಪೇರಿ ಅಂದರೆ ಸಿಮೆಂಟ್ ಅಂತಲೇ ಆಯಿತು. ಸುಣ್ಣದ ಗೋಡೆಗೆ ಸಿಮೆಂಟ್ ಬಳಿದರೆ ತೇವ ಹೊರಬರಲು ದಾರಿಯಿಲ್ಲ, ಅದು ಒಳಗೇ ಮೇಲೇರಿ, ಸಿಕ್ಕ ಕಡೆ ಉಪ್ಪನ್ನು ಹೊತ್ತುಕೊಂಡು ಹೊರಗೆ ಬರುತ್ತದೆ, ಸೆರಗಿಗೆ ಮೆತ್ತುವ ಆ ಪುಡಿ ಇದೇ. ಅಂಗಳವೂ ಸುಮ್ಮನಿರಲಿಲ್ಲ. ನಾನು ಚಿಕ್ಕವಳಿದ್ದಾಗ ಚರ್ಚಿಗೆ ಮೂರು ಮೆಟ್ಟಿಲು ಹತ್ತುತ್ತಿದ್ದೆವು, ಈಗ ಒಂದೇ. ಮಣ್ಣು ತುಂಬಿಸಿ, ಕಾಂಕ್ರೀಟ್ ಹಾಕಿ, ಅದರ ಮೇಲೆ ಟೈಲ್ಸ್ ಹಾಕಿ ಎರಡು ಮೆಟ್ಟಿಲು ಮುಚ್ಚಿಹೋದವು, ಗೋಡೆಯ ಬುಡವೂ ಅಷ್ಟೇ ಮುಚ್ಚಿಹೋಗಿ, ಅಲ್ಲಿಂದಲೂ ತೇವ ಆರದಂತಾಯಿತು.

ಜನ ಜಾಸ್ತಿಯಾದಂತೆ ಮೊದಲು ಪೋರ್ಟಿಕೋ, ಆಮೇಲೆ ವೆಸ್ಟ್ರಿ (ಪಾದ್ರಿಗಳು ನಿಲುವಂಗಿ ತೊಡುವ ಕೋಣೆ) ಬಂದವು. ಈಗಿನ ಪ್ಲಾನ್ ಪ್ರಕಾರ ಪಕ್ಕದ ಗೋಡೆ ಒಡೆದು ಎರಡು ಕಿಟಕಿಗಳನ್ನು ಒಂದೇ ದೊಡ್ಡ ಬಾಗಿಲು ಮಾಡಿ ಹೊಸ ಹಾಲಿಗೆ ಸೇರಿಸಬೇಕಂತೆ. ನನಗೆ ಭಯವಾಗುವುದು ಇಲ್ಲೇ. ಮಾಡಿನ ಭಾರವೆಲ್ಲ ಆ ಗೋಡೆಯ ಮೇಲಿದೆ. ಹೊಸ ಕಟ್ಟಡದ ಪಾಯ ಮಣ್ಣಿನಲ್ಲಿ ಸ್ವಲ್ಪ ಕುಸಿದು ಕೂರುತ್ತದೆ, ಹಳೆಯದು ಯಾವಾಗಲೋ ಕೂತಾಗಿದೆ. ಎರಡನ್ನೂ ಕಾಂಕ್ರೀಟಿನಲ್ಲಿ ಬಿಗಿದರೆ ಬಿರುಕು ಬರುವುದು ಹಳೆಯದರಲ್ಲೇ. ಹೊಸ ಹಾಲ್ ತನ್ನ ಪಿಲ್ಲರ್ ಮೇಲೆ ತಾನೇ ನಿಲ್ಲಲಿ. ಮಧ್ಯೆ ಒಂದು ಸಂದು ಬಿಟ್ಟು, ನೀರು ಇಳಿಯದ ಹಾಗೆ ಮುಚ್ಚಿದರೆ ಸಾಕಲ್ವಾ?

ಇದನ್ನು ಚರ್ಚ್ ಕಮಿಟಿಯೊಂದೇ ತೀರ್ಮಾನ ಮಾಡುವಂತೆಯೂ ಇಲ್ಲ. 1947ರ ಸೆಪ್ಟೆಂಬರ್ 27ರಂದು ಹಲವು ಪ್ರೊಟೆಸ್ಟೆಂಟ್ ಸಭೆಗಳು ಸೇರಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿದ ಮೇಲೆ ವೆಸ್ಲಿಯನ್ನರ ಆಸ್ತಿ ಅದರ ಟ್ರಸ್ಟ್ ಹೆಸರಿಗೆ ಬಂತು. ಹಾಗಾಗಿ ಡಯಾಸಿಸ್, ಅಂದರೆ ಬಿಷಪ್ಪರ ಆಡಳಿತ, ಒಪ್ಪಬೇಕು, ಆಮೇಲೆ ಪಾಲಿಕೆಯಿಂದ ಪ್ಲಾನ್ ಪಾಸಾಗಬೇಕು. ಓಡಾಟ ಜಾಸ್ತಿ ಅಂತ ಕೆಲವರಿಗೆ ಬೇಜಾರು. ಯೋಚನೆ ಮಾಡಲು ಟೈಮ್ ಸಿಕ್ಕಿತು ಅಂತ ನನಗೆ ಸಮಾಧಾನ.

ಹೋದ ತಿಂಗಳು ಮೂರನೇ ಕಿಟಕಿಯ ಕೆಳಗೆ ಮೂರಡಿ ಸಿಮೆಂಟ್ ಕೆತ್ತಿಸಿ ನೋಡಿದೆವು. ಒಳಗಿನ ಇಟ್ಟಿಗೆ ಮುಟ್ಟಿದರೆ ಮಡಕೆಯ ಹೊರಮೈಯಷ್ಟು ತಣ್ಣಗೆ, ಒದ್ದೆ. ಅದು ಆರುವವರೆಗೆ ಹಾಗೇ ಬಿಟ್ಟಿದ್ದೇವೆ. ಅಷ್ಟರಲ್ಲಿ ಸುಣ್ಣದ ಗಾರೆ ಕೆಲಸ ಗೊತ್ತಿರುವವರನ್ನು ಹುಡುಕಬೇಕು.