ಕುದಿಸಿದ ನೀರು ಕಾಯಿಲೆಯವರಿಗೆ

ಪೆರು ದೇಶದಲ್ಲಿ ಲಾಸ್ ಮೊಲಿನೋಸ್ ಅನ್ನುವ ಒಂದು ಊರು. 1950ರ ಆಸುಪಾಸಿನಲ್ಲಿ ಅಲ್ಲಿ ಸುಮಾರು 200 ಮನೆಗಳಿದ್ದವು. ಕುಡಿಯುವ ನೀರು ಚೆನ್ನಾಗಿರಲಿಲ್ಲ. ಆರೋಗ್ಯ ಇಲಾಖೆಯ ಒಬ್ಬ ಕಾರ್ಯಕರ್ತೆ ಎರಡು ವರ್ಷ ಮನೆಮನೆ ಸುತ್ತಿ, ‘ನೀರು ಕುದಿಸಿ ಕುಡಿಯಿರಿ’ ಎಂದು ಹೇಳಿದಳು. ಡಾಕ್ಟರೂ ಬಂದು ತಿಳಿಸಿ ಹೇಳಿದರು. ಕೊನೆಗೆ ಹೊಸದಾಗಿ ನೀರು ಕುದಿಸಲು ಶುರು ಮಾಡಿದ್ದು 11 ಮನೆಯವರು ಮಾತ್ರ.

ಜನಕ್ಕೆ ಬುದ್ಧಿ ಇಲ್ಲ ಅಂತ ಫೈಲ್ ಮುಚ್ಚಿಬಿಡಬಹುದಿತ್ತು. ಆದರೆ ಎಡ್ವರ್ಡ್ ವೆಲಿನ್ ಎಂಬ ಮಾನವಶಾಸ್ತ್ರಜ್ಞ ಆ ಊರಿನ ಹೆಂಗಸರ ಮಾತನ್ನು ಕಿವಿಗೊಟ್ಟು ಕೇಳಿದರು. ಆ ಊರಿನ ಲೆಕ್ಕದಲ್ಲಿ ತಿನ್ನುವ, ಕುಡಿಯುವ ಎಲ್ಲದಕ್ಕೂ ಉಷ್ಣ ಇಲ್ಲವೇ ಶೀತದ ಗುಣ ಇತ್ತು. ಹಸಿ ನೀರು ಶೀತ. ಕಾಯಿಲೆ ಬಿದ್ದವರಿಗೆ ಅದು ಆಗಿಬರುವುದಿಲ್ಲ, ಆದ್ದರಿಂದ ಅವರಿಗೆ ಕುದಿಸಿ ಕೊಡಬೇಕು. ಅಂದರೆ ಕುದಿಸಿದ ನೀರು ಕಾಯಿಲೆಯವರ ನೀರು. ಗಟ್ಟಿಮುಟ್ಟಾಗಿರುವವರು ಅದನ್ನು ಯಾಕೆ ಕುಡಿಯಬೇಕು? ಒಬ್ಬ ಹೆಂಗಸಿಗಂತೂ ಕ್ರಿಮಿಗಳ ಕಥೆಯೇ ಸರಿ ಅನ್ನಿಸಲಿಲ್ಲ. ಮನುಷ್ಯರೇ ಮುಳುಗಿ ಸಾಯುವ ನೀರಲ್ಲಿ ಅವು ಹೇಗೆ ಬದುಕುತ್ತವೆ, ಅವೇನು ಮೀನುಗಳಾ ಎಂಬುದು ಆಕೆಯ ಪ್ರಶ್ನೆ. ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ, ಅಲ್ವಾ?

ಈ ಕಥೆಯನ್ನು ಅಲ್ಲಿಂದ ಮುಂದೆ ಎಲ್ಲರೂ ‘ಸಂಸ್ಕೃತಿ ಅಡ್ಡ ಬಂತು’ ಅನ್ನುವುದಕ್ಕೆ ಉದಾಹರಣೆಯಾಗಿ ಹೇಳುತ್ತಾ ಬಂದರು. ನೀರು ಕುದಿಸಲು ಸೌದೆ ಬೇಕು, ಪುರುಸೊತ್ತು ಬೇಕು, ಬಡ ಮನೆಗಳಲ್ಲಿ ಎರಡಕ್ಕೂ ತಾಪತ್ರಯ ಅನ್ನುವ ಭಾಗವನ್ನು ಮಾತ್ರ ಸುಮ್ನೆ ದಾಟಿಸಿಬಿಡುವುದು ಜಾಸ್ತಿ. ನನಗೆ ಕುತೂಹಲ ಹುಟ್ಟಿಸುವುದು ಈ ದಾಟಿಸುವಿಕೆಯೇ. ಕಾಯಿಲೆಗೂ ಸಮಾಜಕ್ಕೂ ಇರುವ ನಂಟಿನ ಚರ್ಚೆ ಶುರುವಾದಾಗ ಮುಖ್ಯವಾಗಿ ಬೆರಳು ತೋರಿಸಿದ್ದು ರೋಗಿಯ ನಂಬಿಕೆಯತ್ತ ಅಲ್ಲ.

ಅದು 1848. ಈಗ ಬಹುಪಾಲು ಪೋಲೆಂಡಿಗೆ ಸೇರಿರುವ ಅಪ್ಪರ್ ಸೈಲೀಸಿಯಾ ಆಗ ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ಕೈಯಲ್ಲಿತ್ತು. ಅಲ್ಲಿ ಟೈಫಸ್ ಜ್ವರ ಹಬ್ಬಿತು. ಸರ್ಕಾರ ತನಿಖೆಗೆ ಕಳಿಸಿದ್ದು 26 ವರ್ಷದ ಡಾಕ್ಟರ್ ರುಡಾಲ್ಫ್ ವಿರ್ಕೋ ಅವರನ್ನು. ಔಷಧಿಯ ಪಟ್ಟಿ ಬರುತ್ತದೆ ಅಂದುಕೊಂಡಿದ್ದವರ ಕೈಗೆ ಬಂದ ವರದಿಯಲ್ಲಿದ್ದದ್ದು ಪ್ರಜಾಪ್ರಭುತ್ವ, ಶಾಲೆ, ರಸ್ತೆ, ತೆರಿಗೆಯ ಮಾತು! ಜನರು ಆಡುವುದು ಪೋಲಿಷ್, ಅಧಿಕಾರಿಗಳದ್ದು ಜರ್ಮನ್. ಹಸಿವು, ಕೊಳಕು ಮನೆ, ಕೇಳುವವರಿಲ್ಲದ ಆಡಳಿತ ಇವೆಲ್ಲ ಸೇರಿ ಜ್ವರಕ್ಕೆ ದಾರಿ ಮಾಡಿವೆ ಎಂದು ಅವರು ಬರೆದರು. ಸರ್ಕಾರಕ್ಕೆ ಇದು ರುಚಿಸಲಿಲ್ಲ.

ವಿರ್ಕೋ ಹೇಳಿದ್ದು ಕಡು ಬಡವರ ಕಥೆ. ಹೊಟ್ಟೆಗೆ, ಬಟ್ಟೆಗೆ ತೊಂದರೆ ಇಲ್ಲದವರಲ್ಲೂ ಇದು ನಡೆಯುತ್ತದೆ ಎಂದು ತೋರಿಸಿದ್ದು 1967ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ. ಸುಮಾರು 18,000 ಸರ್ಕಾರಿ ನೌಕರರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿದರು. ಟೆನ್ಷನ್ ಜಾಸ್ತಿ ಇರುವ ಮೇಲಧಿಕಾರಿಗೇ ಹೃದಯದ ಕಾಯಿಲೆ ಅನ್ನುವುದು ಆಗಿನ ನಂಬಿಕೆ. ಲೆಕ್ಕ ಉಲ್ಟಾ ಬಂತು. ಹುದ್ದೆಯ ಒಂದೊಂದು ಮೆಟ್ಟಿಲು ಇಳಿದಂತೆ ಸಾವು ಏರುತ್ತಾ ಹೋಗಿತ್ತು. ಸಿಗರೇಟು, ರಕ್ತದೊತ್ತಡ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಆ ಅಂತರ ಪೂರ್ತಿ ಹೋಗಲಿಲ್ಲ.

ಇಷ್ಟಾದರೂ ಈ ಕಥೆಗಳು ಒಂದು ಕಡೆ ಟಾರ್ಚ್ ಬಿಟ್ಟಿರಲಿಲ್ಲ. ಡಾಕ್ಟರ ಕುರ್ಚಿಯ ಕಡೆ. ಅಲ್ಲೂ ಒಂದು ಸಂಸ್ಕೃತಿ ಕೂತಿರುತ್ತದೆ. 1851ರಲ್ಲಿ ಅಮೆರಿಕದ ಸ್ಯಾಮ್ಯುಯಲ್ ಕಾರ್ಟ್‌ರೈಟ್ ಎಂಬ ಡಾಕ್ಟರ್, ಗುಲಾಮರು ಓಡಿಹೋಗುವುದೇ ಒಂದು ರೋಗ ಎಂದು ಬರೆದು ಅದಕ್ಕೆ ‘ಡ್ರಾಪಿಟೋಮೇನಿಯಾ’ ಎಂದು ಹೆಸರಿಟ್ಟ. ಈಗ ನಗು ಬರಬಹುದು. ಆದರೆ ಸಲಿಂಗಕಾಮವನ್ನು ಅಮೆರಿಕದ ಮನೋವೈದ್ಯರ ಸಂಘ ರೋಗಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ತೆಗೆದದ್ದು 1990ರಲ್ಲಿ. ಅಷ್ಟೇನೂ ಹಳೆಯ ಮಾತಲ್ಲ.

ನರದೌರ್ಬಲ್ಯದ ಕಥೆ ಇನ್ನೂ ಸ್ವಾರಸ್ಯ. 1869ರಲ್ಲಿ ಜಾರ್ಜ್ ಬಿಯರ್ಡ್ ಎಂಬ ಅಮೆರಿಕದ ಡಾಕ್ಟರ್ ‘ನ್ಯೂರಸ್ತೀನಿಯಾ’ ಎಂಬ ಹೆಸರನ್ನು ಚಾಲ್ತಿಗೆ ತಂದರು. ಸುಸ್ತು, ತಲೆನೋವು, ನಿದ್ದೆಗೇಡು ಎಲ್ಲ ಅದರಡಿ. ಆ ಮಾತು ಚೀನಾಕ್ಕೂ ಹೋಯಿತು. ನೂರು ವರ್ಷದ ಮೇಲೆ ಅಮೆರಿಕ ಅದನ್ನು ತನ್ನ ಪಟ್ಟಿಯಿಂದ ಕೈಬಿಟ್ಟಿತು, ಚೀನಾ ಬಿಡಲಿಲ್ಲ. 1980ರಲ್ಲಿ ಅಮೆರಿಕದ ಮನೋವೈದ್ಯ, ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ಚೀನಾದ ಹುನಾನ್ ಪ್ರಾಂತ್ಯದಲ್ಲಿ ನರದೌರ್ಬಲ್ಯ ಅನ್ನಿಸಿಕೊಂಡ 100 ರೋಗಿಗಳನ್ನು ಮಾತಾಡಿಸಿದರು. ಅಮೆರಿಕದ ಅಳತೆಗೋಲಿನಲ್ಲಿ ಅವರಲ್ಲಿ 87 ಜನಕ್ಕೆ ಇದ್ದದ್ದು ಖಿನ್ನತೆ. ಆದರೆ ಅವರು ಹೇಳಿಕೊಂಡದ್ದು ತಲೆನೋವು, ತಲೆಸುತ್ತು. ಮಾವೋ ಕಾಲದ ರಾಜಕೀಯ ದಮನ, ಅಂದರೆ ‘ಸಾಂಸ್ಕೃತಿಕ ಕ್ರಾಂತಿ’ಯ ಪೆಟ್ಟು ತಿಂದು ಬಂದವರು ಅವರಲ್ಲಿ ಎಷ್ಟೋ ಜನ. ಮನಸ್ಸು ಕೆಟ್ಟಿದೆ ಅಂದರೆ ಕಳಂಕ, ರಾಜಕೀಯವಾಗಿಯೂ ಅಪಾಯ. ನರ ಸೋತಿದೆ ಅಂದರೆ ರಜೆಯಾದರೂ ಸಿಗುತ್ತದೆ. ಹಾಗಾದರೆ ಅವರ ಕಾಯಿಲೆಯ ನಿಜವಾದ ಹೆಸರು ಯಾವುದು? ಕ್ಲೈನ್‌ಮನ್ ತಮ್ಮ ಬರಹಗಳಲ್ಲಿ ಡಾಕ್ಟರುಗಳಿಗೆ ಕೊಟ್ಟ ಸಲಹೆ ಸರಳ: ನಿಮಗೆ ಇದು ಯಾಕೆ ಬಂತು ಅನ್ನಿಸುತ್ತದೆ, ಇದರಲ್ಲಿ ನಿಮಗೆ ಯಾವುದರ ಭಯ ಜಾಸ್ತಿ ಎಂದು ರೋಗಿಯನ್ನೇ ಕೇಳಿ.

ಈ ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ ಅನ್ನುವುದು 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಂಡಿತು. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ ಎಬೋಲಾ ಎಂಬ ವೈರಸ್ ರೋಗಕ್ಕೆ 2016ರ ಹೊತ್ತಿಗೆ 11,000ಕ್ಕೂ ಹೆಚ್ಚು ಜನ ಸತ್ತರು. ಹೆಣವನ್ನು ತೊಳೆಯುವಾಗ, ಮುಟ್ಟುವಾಗ ರೋಗ ಹರಡುತ್ತಿತ್ತು, ಅದು ನಿಜ. ಅದಕ್ಕೆ ಮುಖ ಕಾಣದ ಉಡುಪು ಹಾಕಿಕೊಂಡ ತಂಡಗಳು ಬಂದು ಹೆಣವನ್ನು ಚೀಲದಲ್ಲಿ ತುಂಬಿಕೊಂಡು ಹೋಗುತ್ತಿದ್ದವು. ಲೈಬೀರಿಯಾದಲ್ಲಿ ಸುಡಲು ಸರ್ಕಾರವೇ ಆದೇಶ ಮಾಡಿತು. ಹೂಳುವ ಪದ್ಧತಿಯ ಜನ ಹೆಣ ಬಚ್ಚಿಟ್ಟರು, ಗುಟ್ಟಾಗಿ ಹೂತರು.

ಆ ವರ್ಷದ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾನವಶಾಸ್ತ್ರಜ್ಞರನ್ನೂ ಮುಸ್ಲಿಂ, ಕ್ರೈಸ್ತ ಧಾರ್ಮಿಕ ಮುಖಂಡರನ್ನೂ ಕೂರಿಸಿಕೊಂಡು ಹೊಸ ನಿಯಮ ತಂದಿತು. ನೀರಿನ ಸ್ನಾನದ ಬದಲು ಮುಸ್ಲಿಮರಿಗೆ ನೀರಿಲ್ಲದೆ ಮಾಡುವ ಒಣ ಶುದ್ಧಿ, ಮೇಲೆ ಬಿಳಿ ಬಟ್ಟೆ. ಪ್ರಾರ್ಥನೆಗೆ ಅವಕಾಶ. ಜೊತೆಗೆ ಇನ್ನೊಂದು ಸಾಲು ಸೇರಿತು: ಮನೆಯವರು ಒಪ್ಪುವ ತನಕ ಹೂಳುವ ಕೆಲಸ ಶುರು ಮಾಡಬಾರದು.