ಹೆಣ್ಣು ನೋಡುವ ಕಾಮಚಿತ್ರ: ಕ್ಯಾಮೆರಾ ಜಾಗ ಬದಲಿಸಿದ ಕಥೆ

‘ಮಹಿಳೆಯರಿಗಾಗಿ’ ಎಂಬ ಹಣೆಪಟ್ಟಿಯ ಕಾಮಚಿತ್ರಗಳ ಕುರಿತ ಚರ್ಚೆ ಈಗ ಗೋಜಲಾಗಿದೆ. ನಿರ್ದೇಶಕಿ ಹೆಣ್ಣಾದರೆ ಸಾಕು ಎನ್ನುವವರಿದ್ದಾರೆ. ಮೆಲುಬೆಳಕು, ಪ್ರೇಮಕಥೆ ಇರಬೇಕು ಎನ್ನುವವರಿದ್ದಾರೆ. ಕಲಾವಿದರ ಒಪ್ಪಿಗೆ ಹೇಗೆ ಪಡೆದಿರಿ, ಎಷ್ಟು ಕೊಟ್ಟಿರಿ ಎಂದು ಮೊದಲು ಕೇಳುವವರೂ ಇದ್ದಾರೆ. ಇವು ಬೇರೆ ಬೇರೆ ಕಾಲದಲ್ಲಿ ಹುಟ್ಟಿದ ಮೂರು ವಾದಗಳು.

1970ರ ದಶಕದ ಆರಂಭದಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ನೀಲಿಚಿತ್ರ ಬಂದಾಗ ನೋಡುಗರು ಬಹುತೇಕ ಗಂಡಸರು. ವಿಡಿಯೊ ಕ್ಯಾಸೆಟ್ ನೋಡುವ ಯಂತ್ರ (ವಿಸಿಆರ್) ಮನೆ ಸೇರಿದ ಮೇಲೆ ಹೆಂಗಸರೂ ಗಿರಾಕಿಗಳಾದರು. ಅದೇ ಹೊತ್ತಿಗೆ ಸ್ತ್ರೀವಾದಿಗಳು ಎರಡು ಬಣವಾದರು: ಇದು ಹೆಣ್ಣಿನ ಮೇಲಿನ ಹಿಂಸೆ ಎಂದಿತು ಒಂದು, ನಿಷೇಧಿಸಿದರೆ ಹೆಣ್ಣಿನ ಬಯಕೆಗೇ ಬಾಯಿ ಕಟ್ಟಿದಂತೆ ಎಂದಿತು ಇನ್ನೊಂದು. 1982ರಲ್ಲಿ ನ್ಯೂಯಾರ್ಕ್‌ನ ಬರ್ನಾರ್ಡ್ ಕಾಲೇಜಿನ ಸಮ್ಮೇಳನದಲ್ಲಿ ಈ ಜಗಳ ಬಹಿರಂಗವಾಯಿತು.

ನಿಜವಾದ ತಿರುವು 1984ರದು. ಇಂಥ ಚಿತ್ರಗಳಲ್ಲಿ ನಟಿಸಿದ್ದ ಕ್ಯಾಂಡಿಡಾ ರೊಯಾಲ್ ನ್ಯೂಯಾರ್ಕ್‌ನಲ್ಲಿ ಫೆಮ್ ಪ್ರೊಡಕ್ಷನ್ಸ್ ಶುರು ಮಾಡಿದರು. ಆವರೆಗೆ ಪ್ರತಿ ದೃಶ್ಯಕ್ಕೂ ಸಿದ್ಧ ಸೂತ್ರವಿತ್ತು: ಗೊತ್ತಾದ ಭಂಗಿಗಳು, ಕೊನೆಗೆ ಗಂಡಿನ ಸ್ಖಲನ ಕ್ಯಾಮೆರಾಕ್ಕೆ ಕಾಣುವಂತೆ. ರೊಯಾಲ್ ಆ ಕೊನೆಯ ಶಾಟನ್ನೇ ಕೈಬಿಟ್ಟರು. ಅದರೊಂದಿಗೆ ದೃಶ್ಯದ ಸಿದ್ಧ ಮುಕ್ತಾಯವೂ ಹೋಯಿತು. ಎಲ್ಲಿ ನಿಲ್ಲಿಸಬೇಕೆಂದು ಸಂಕಲನದ ಮೇಜಿನಲ್ಲಿ ಹುಡುಕಬೇಕಾಯಿತು.

ಹಳೆಯ ಪದ್ಧತಿಯಲ್ಲಿ ಎಲ್ಲವೂ ಕ್ಯಾಮೆರಾಕ್ಕೆ ಕಾಣಲೆಂದು ಕಲಾವಿದರು ಮೈ ತೆರೆದು, ಒಬ್ಬರಿಂದೊಬ್ಬರು ದೂರ ಬಾಗಿರಬೇಕು. ಕೈಗಳು ಬೆನ್ನ ಹಿಂದೆ ಸರಿಯುತ್ತವೆ, ಸ್ಪರ್ಶವೇ ಮಾಯವಾಗುತ್ತದೆ. ಅವರು ನಿಜಕ್ಕೂ ತಬ್ಬಿಕೊಳ್ಳಬೇಕಾದರೆ ಕ್ಯಾಮೆರಾ ಎಲ್ಲವನ್ನೂ ತೋರಿಸುವ ಹಟ ಬಿಡಬೇಕು. ಇದಕ್ಕೆ ಎರಡು ಕ್ಯಾಮೆರಾ ಅನುಕೂಲ: ಒಂದು ದೂರದಿಂದ ಇಡೀ ದೃಶ್ಯವನ್ನು ಹಿಡಿಯುತ್ತ (ವೈಡ್) ನಿಲ್ಲದೆ ಓಡಲಿ, ಇನ್ನೊಂದು ಮುಖ, ಕೈಗಳ ಹತ್ತಿರವಿರಲಿ. ಕ್ಯಾಸೆಟ್ ಕವರ್‌ನ ಫೋಟೊಗಳಿಗಾಗಿ (ಸ್ಟಿಲ್) ನಡುನಡುವೆ ‘ಕಟ್’ ಹೇಳಿದರೆ ಲಯ ಮುರಿಯುತ್ತದೆ. ಆಮೇಲೆ ಉಳಿಯುವುದು ನಟನೆ, ಅದರ ಮೇಲೆ ಡಬ್ ಮಾಡಿದ ನರಳಿಕೆ. ಸ್ಟಿಲ್‌ಗಳನ್ನು ಬೇರೆ ಹೊತ್ತಿನಲ್ಲಿ ತೆಗೆದು, ಉಸಿರಿನ ಸದ್ದನ್ನು ಸ್ಥಳದಲ್ಲೇ ಹಿಡಿಯುವುದು ಮೇಲು.

ಮಾರುಕಟ್ಟೆ ರೊಯಾಲ್ ಅವರ ಕೆಲಸವನ್ನು ‘ಜೋಡಿಗಳಿಗೆ’ ಎಂಬ ಕಪಾಟಿಗೆ ಸೇರಿಸಿತು. ಅನುಕರಿಸಿದ ಅನೇಕರು ಕಿಟಕಿ ಪರದೆ, ಮೇಣದಬತ್ತಿಗಳನ್ನು ತೆಗೆದುಕೊಂಡರು, ವಿಧಾನವನ್ನು ಬಿಟ್ಟರು. ಹೆಣ್ಣಿಗೆ ಬೇಕಿರುವುದು ಮೃದುತ್ವವಷ್ಟೇ ಎಂಬ ತಪ್ಪು ತಿಳಿವಳಿಕೆಗೆ ಇದೂ ಒಂದು ಕಾರಣ. 1994ರಲ್ಲಿ ಪ್ರಕಟವಾದ ಎಲೆನ್ ಲಾನ್ ಮತ್ತು ಸಂಗಡಿಗರ ಡಚ್ ಅಧ್ಯಯನ ಇಲ್ಲಿ ಮುಖ್ಯ. ಗಂಡು ಮಾಡಿದ ಚಿತ್ರವಿರಲಿ, ಹೆಣ್ಣು ಮಾಡಿದ ಚಿತ್ರವಿರಲಿ, ನೋಡಿದ ಮಹಿಳೆಯರ ದೇಹ ಸ್ಪಂದಿಸಿದ್ದು ಹೆಚ್ಚುಕಡಿಮೆ ಒಂದೇ ರೀತಿ. ಆದರೆ ಹೆಣ್ಣು ಮಾಡಿದ್ದನ್ನು ನೋಡುವಾಗ ತಮಗೆ ಹೆಚ್ಚು ಉದ್ರೇಕವಾಯಿತೆಂದು ಅವರು ಹೇಳಿದರು. ಇನ್ನೊಂದರಲ್ಲಿ ನಾಚಿಕೆ, ಅಸಹ್ಯ ಹೆಚ್ಚಿತ್ತು. ಮೈಯ ಸ್ಪಂದನದ ಅಳತೆಯೊಂದನ್ನೇ ನಂಬಿ ‘ಇಷ್ಟಪಟ್ಟಳು’ ಎನ್ನುವಂತಿಲ್ಲ.

ಮುಂದಿನದು ವೇಗವಾಗಿ ನಡೆಯಿತು. 1990ರ ದಶಕದ ಕೊನೆಗೆ ಡೆನ್ಮಾರ್ಕ್‌ನ ಚಿತ್ರ ನಿರ್ಮಾಣ ಸಂಸ್ಥೆ ಜೆಂಟ್ರೋಪಾ ಮಹಿಳೆಯರಿಗಾಗಿ ಇಂಥ ಚಿತ್ರ ತೆಗೆಯಲು ಪ್ರಣಾಳಿಕೆಯನ್ನೇ ಬರೆಯಿತು. 2004ರಲ್ಲಿ ಬಾರ್ಸಿಲೋನಾದಿಂದ ನಿರ್ದೇಶಕಿ ಎರಿಕಾ ಲಸ್ಟ್ ಈ ಕ್ಷೇತ್ರಕ್ಕೆ ಬಂದರು. 2006ರಲ್ಲಿ ಟೊರಾಂಟೊದಲ್ಲಿ ಸ್ತ್ರೀವಾದಿ ಪೋರ್ನ್ ಪ್ರಶಸ್ತಿಗಳು ಆರಂಭವಾದವು. ಸ್ವೀಡನ್ನಿನ ಚಲನಚಿತ್ರ ಸಂಸ್ಥೆ ಇಂಥ ಕಿರುಚಿತ್ರಗಳಿಗೆ 5 ಲಕ್ಷ ಕ್ರೋನಾ ಕೊಟ್ಟಿದ್ದು 2009ರಲ್ಲಿ ದೊಡ್ಡ ಗಲಾಟೆಯಾಯಿತು.

ಇವತ್ತು ಎಚ್ಚರವಿರುವ ತಂಡ ಚಿತ್ರೀಕರಣಕ್ಕೆ ಮುನ್ನವೇ ‘ಸರಿ, ಬೇಡ, ನೋಡೋಣ’ ಎಂಬ ಪಟ್ಟಿಯನ್ನು ಪ್ರತಿ ಕಲಾವಿದರಿಂದ ಬರೆಸಿಕೊಳ್ಳುತ್ತದೆ. ಅಮೆರಿಕದ ಉದ್ಯಮದಲ್ಲಿ 14 ದಿನದೊಳಗಿನ ಲೈಂಗಿಕ ಸೋಂಕು ತಪಾಸಣೆ ರೂಢಿ. ನಿಲ್ಲಿಸಲು ಒಂದು ಪದ ಗೊತ್ತುಮಾಡಿರುತ್ತಾರೆ. ದೃಶ್ಯ ಅರ್ಧಕ್ಕೇ ನಿಂತರೂ ಪೂರ್ತಿ ಸಂಭಾವನೆ ಎಂದು ಕರಾರಿನಲ್ಲಿರಬೇಕು. ಇಲ್ಲದಿದ್ದರೆ ಆ ಪದವನ್ನು ಬಳಸುವ ಧೈರ್ಯ ಯಾರಿಗೂ ಬರುವುದಿಲ್ಲ.

ಇದಕ್ಕೆಲ್ಲ ಹಣ ಬೇಕು, ತೊಡಕಿರುವುದೂ ಅಲ್ಲೇ. 2021ರಿಂದ ಕಾರ್ಡ್ ಪಾವತಿ ನಿಯಮಗಳು ತೆರೆಯ ಮೇಲಿನ ಪ್ರತಿಯೊಬ್ಬರ ವಯಸ್ಸು, ಒಪ್ಪಿಗೆಯ ದಾಖಲೆ ಕೇಳುತ್ತಿವೆ. ನಿಯಮ ಬೇಕಾದ್ದೇ, ಆದರೆ ಹೊರೆ ಹೆಚ್ಚು ಬೀಳುವುದು ಸಣ್ಣ ತಂಡಗಳ ಮೇಲೆ. ಉಚಿತ ತಾಣಗಳಿಗೆ ಕದ್ದು ಏರಿಸುವವರು ಚಿತ್ರದ ನಡುವಿನ ಕೆಲವು ನಿಮಿಷಗಳನ್ನಷ್ಟೇ ಕತ್ತರಿಸುತ್ತಾರೆ. ಮೊದಲಿನ ಮಾತುಕತೆ, ಕೊನೆಯ ಅಪ್ಪುಗೆ ಅದರಲ್ಲಿ ಇರುವುದಿಲ್ಲ; ತಂಡ ಹಣ ಸುರಿದದ್ದು ಮಾತ್ರ ಅವುಗಳಿಗೇ.