ಮಾಸ್ಕ್ ಜರಡಿಯಲ್ಲ

‘ವೈರಸ್ಸು 0.1 ಮೈಕ್ರಾನು, ಮಾಸ್ಕಿನ ತೂತು ಅದಕ್ಕಿಂತ ಎಷ್ಟೋ ದೊಡ್ಡದು. ಹಾಕ್ಕಂಡು ಏನು ಪ್ರಯೋಜನ?’ ಕೋವಿಡ್ ಕಾಲದಲ್ಲಿ ದಾವಣಗೆರೆಯಲ್ಲಿ ಓದಿದವರ ಬಾಯಲ್ಲೂ ಇದೇ ಮಾತು. ಲೆಕ್ಕ ಸರಿ (ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಕಲ್ಪನೆ ತಪ್ಪು. ಅವರ ತಲೆಯಲ್ಲಿರುವುದು ಮಂಡಕ್ಕಿ ಭಟ್ಟಿಯ ಜರಡಿ: ಸಣ್ಣ ಮರಳು ಉದುರುತ್ತದೆ, ದಪ್ಪ ಮಂಡಕ್ಕಿ ಉಳಿಯುತ್ತದೆ. ಆಸ್ಪತ್ರೆಯವರು ಹಾಕುವ ಎನ್95 ಮಾಸ್ಕ್ ಕೆಲಸ ಮಾಡುವುದು ಹಾಗಲ್ಲವೇ ಅಲ್ಲ.

ಅದರ ನಡುಪದರದಲ್ಲಿರುವುದು ಅಡ್ಡಾದಿಡ್ಡಿ ಹರಡಿದ ಪಾಲಿಪ್ರೊಪಿಲೀನ್ ಎಳೆಗಳು. ದೊಡ್ಡ ಕಣ ಗಾಳಿಯ ಜೊತೆ ತಿರುವು ತೆಗೆದುಕೊಳ್ಳಲಾರದೆ ಎಳೆಗೆ ಡಿಕ್ಕಿ ಹೊಡೆಯುತ್ತದೆ. ತೀರಾ ಸಣ್ಣ ಕಣವನ್ನು ಗಾಳಿಯ ಅಣುಗಳು ಎಲ್ಲ ಕಡೆಯಿಂದ ಗುದ್ದುತ್ತಿರುತ್ತವೆ. ನೆಟ್ಟಗೆ ಹೋಗಲಾಗದೆ ತೂರಾಡಿ ಅದೂ ಯಾವುದೋ ಎಳೆಗೆ ಅಂಟುತ್ತದೆ. ಹೆಚ್ಚು ನುಸುಳುವುದು ಇವೆರಡರ ನಡುವಿನವು, ಸುಮಾರು 0.3 ಮೈಕ್ರಾನಿನವು. ಎನ್95 ಪರೀಕ್ಷೆ ನಡೆಯುವುದೇ ಆ ಗಾತ್ರದ ಕಣಗಳಿಂದ, ಅವುಗಳಲ್ಲೂ ಶೇ. 95 ಸಿಕ್ಕಿಬೀಳಬೇಕು. ಮೇಲಾಗಿ ಎಳೆಗಳಲ್ಲಿ ಸ್ಥಿರವಿದ್ಯುತ್ ತುಂಬಿರುತ್ತಾರೆ. ಉಸಿರು ಕಟ್ಟದಷ್ಟು ಸಡಿಲವಾಗಿದ್ದೂ ಪದರವು ಕಣಗಳನ್ನು ಸೆಳೆದು ಹಿಡಿಯುವುದು ಅದರಿಂದಲೇ. ಈ ಮಾಸ್ಕನ್ನು ಸ್ಯಾನಿಟೈಸರಿನಲ್ಲಿ ನೆನೆಸಿದರೆ ಆಲ್ಕೋಹಾಲು ಆ ವಿದ್ಯುತ್ತನ್ನೇ ಅಳಿಸುತ್ತದೆ. ಶುಚಿಯ ಹುಮ್ಮಸ್ಸಿನಲ್ಲಿ ಎಷ್ಟು ಮಾಸ್ಕುಗಳು ಹೀಗೆ ಕೆಟ್ಟವೋ!

ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಈ ಊರಿಗೆ ಒಪ್ಪುವ ಕಥೆಯೊಂದಿದೆ. 1910-11ರಲ್ಲಿ ಈಶಾನ್ಯ ಚೀನಾದ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗು ಎದ್ದಾಗ, ಈಗಿನ ಮಲೇಶಿಯಾದ ಪೆನಾಂಗಿನಲ್ಲಿ ಹುಟ್ಟಿದ ವೈದ್ಯ ವು ಲಿಯೆನ್-ಟೆ, ‘ಇದು ಗಾಳಿಯಲ್ಲಿ ಹಬ್ಬುತ್ತದೆ’ ಎಂದು ಹತ್ತಿ ಮತ್ತು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಮಾಸ್ಕ್ ಹಾಕಿಸಿದರು. ಅದನ್ನು ಒಪ್ಪದ ಫ್ರೆಂಚ್ ವೈದ್ಯ ಮೆಸ್ನಿ ಮಾಸ್ಕಿಲ್ಲದೆ ರೋಗಿಗಳನ್ನು ನೋಡಿ, ಕೆಲವೇ ದಿನಗಳಲ್ಲಿ ಪ್ಲೇಗಿಗೇ ಬಲಿಯಾದರು. ಇಷ್ಟಾಗಿಯೂ 2020ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಲ್ಲಿ ಹರಡುವ ರೋಗವಲ್ಲ ಎಂದೇ ಸಾರಿತ್ತು.

ಈ ತಪ್ಪಿನ ಬೆಲೆ ಜೋರಾಗಿ ತಟ್ಟುವುದು ಮಕ್ಕಳ ವಾರ್ಡಿನಲ್ಲಿ. ದೊಡ್ಡ ರೋಗಿಗಾದರೆ ಮಾಸ್ಕ್ ಹಾಕಿಸಬಹುದು. ಎರಡು ವರ್ಷದ ಕೂಸಿಗೆ? ಅದು ಕಿರುಚಿ ಅಳುತ್ತದೆ, ಅಳುವ ಬಾಯಿ ಕಣಗಳನ್ನು ಚೆಲ್ಲುತ್ತದೆ, ಸಿಸ್ಟರ್ ಅದರ ಮುಖದ ಮೇಲೇ ಬಗ್ಗಿ ಡ್ರಿಪ್ಪಿಗೆ ನರ ಹುಡುಕಬೇಕು. ಪಕ್ಕದಲ್ಲಿ ಅಮ್ಮ, ಬಾಗಿಲಲ್ಲಿ ಅಜ್ಜಿ. ಯಾರಿಗೆ ಸೋಂಕಿದೆಯೋ ಯಾರಿಗೆ ಗೊತ್ತು. ಸಿಬ್ಬಂದಿಯನ್ನು ಕಾಯುವುದು ಕೆನ್ನೆಗೆ ಸಂದಿಲ್ಲದೆ ಕೂತ ಅವರದೇ ಮಾಸ್ಕ್, ಮತ್ತೆ ಕೋಣೆಯ ಗಾಳಿ. ಬಾಗಿಲಲ್ಲಿ ಜನರ ಮೈಮೇಲೆ ಔಷಧಿ ಸಿಂಪಡಿಸುವ ಸುರಂಗವಲ್ಲ. 2020ರ ಏಪ್ರಿಲಿನಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಅದು ಬೇಡ ಎಂದಿತ್ತು. ಕೋವಿಡ್ ಬಾರದೆಂದು ಮೂಸುತ್ತಿದ್ದ ಕರ್ಪೂರದ ಗಂಟಿನ ಬಗ್ಗೆ ಮಾತೇ ಬೇಡ.

ಗಾಳಿಗೆ ಕಿಟಕಿ ಸಾಕೇ? ಪೆರುವಿನ ಲಿಮಾದ ಆಸ್ಪತ್ರೆಗಳಲ್ಲಿ ಅಳೆದು 2007ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಕಿಟಕಿ ಬಾಗಿಲು ತೆರೆದ ಕೋಣೆಗಳಲ್ಲಿ ಗಾಳಿ ಗಂಟೆಗೆ ಸುಮಾರು 28 ಸಲ ಬದಲಾಗುತ್ತಿತ್ತು, ಯಂತ್ರದಿಂದ ಗಾಳಿಯಾಡಿಸುವ ಕೋಣೆಗಳಿಗೆ ಇಟ್ಟುಕೊಂಡ ಅಳತೆ 12. ಎತ್ತರದ ಛಾವಣಿ, ದೊಡ್ಡ ಕಿಟಕಿಯ ಹಳೇ ಕಟ್ಟಡಗಳು ಹೊಸವನ್ನು ಮೀರಿಸಿದ್ದವು. ನಮ್ಮಲ್ಲಿ ಏಪ್ರಿಲ್ ಬಿಸಿಲಿಗೆ ಕಿಟಕಿ ಮುಚ್ಚಿ ಎಸಿ ಹಾಕುತ್ತೇವೆ. ಗೋಡೆಯ ಎಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ, ಅಷ್ಟೆ.

ಇನ್ನೊಂದು, ಉಬ್ಬಸದ ಮಗುವಿಗೆ ಹಚ್ಚುವ, ಔಷಧಿಯನ್ನು ಮಂಜು ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಯಂತ್ರ. ಅದರ ಮಂಜು ಕೋಣೆಗೆಲ್ಲ ಹರಡುತ್ತದೆ. ಬದಲಿಗೆ ಇನ್ಹೇಲರಿಗೆ ಸ್ಪೇಸರ್, ಅಂದರೆ ಚಿಮ್ಮಿದ ಔಷಧಿಯನ್ನು ಹಿಡಿದಿಡುವ ಟೊಳ್ಳು ಕೊಳವೆ, ಜೋಡಿಸಿ ಕೊಡಬಹುದು. ಸ್ಪೇಸರ್ ಇಲ್ಲದಿದ್ದರೆ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಇನ್ಹೇಲರಿನ ಬಾಯಿ ಕೂರುವಷ್ಟು ತೂತು ಕೊರೆದರೂ ಆದೀತು ಎಂದು ದಕ್ಷಿಣ ಆಫ್ರಿಕಾದ ವೈದ್ಯರು 1999ರಲ್ಲೇ ತೋರಿಸಿದ್ದಾರೆ. ಸುತ್ತಲಿನ ಸಂದನ್ನು ಮಾತ್ರ ಅಂಟು ಹಾಕಿ ಮುಚ್ಚಿರಬೇಕು.